ಹುಲಿ ಎಂದರೆ ಕಡುವ

ಪಯ್ಯಂಪಳ್ಳಿಯ ಅನಂತರಾಜ ಗೌಡರು ಸತ್ತ ದಿನ ಅವರ ಮನೆಯಂಗಳದಲ್ಲಿ ಜನವೋ ಜನ. ಬದುಕಿದ್ದಾಗ ಅವರ ಹಾಲಿನಲ್ಲಿ ಕೊಂಕು ಹುಡುಕಿದವರೂ ಬಂದು ಕಣ್ಣೊರೆಸಿಕೊಂಡರು. ಟೀವಿಯವರಂತೂ ಕೊಟ್ಟಿಗೆಗೇ ನುಗ್ಗಿ ಹಸುಗಳ ಮೂತಿಗೆ ಕ್ಯಾಮೆರಾ ಹಿಡಿದರು. ಅವರಲ್ಲೊಬ್ಬ ಗೌಡರ ಹೆಂಡತಿ ವಿಮಲಳ ಬಾಯಿಗೆ ಮೈಕು ಒಡ್ಡಿ, ಈಗ ನಿಮಗೆ ಏನನ್ನಿಸುತ್ತಿದೆ ಎಂದು ಕೇಳಿದ. ಎಂಥ ಪ್ರಶ್ನೆ! ಗಂಡನನ್ನು ಹುಲಿ ಹಿಡಿದ ಹೆಂಗಸಿಗೆ ಏನನ್ನಿಸಬೇಕು? ವಿಮಲಳ ಕಣ್ಣಲ್ಲಿ ಒಂದು ಹನಿಯೂ ಇರಲಿಲ್ಲ. ಪಾಪ, ಸಿಡಿಲು ಬಡಿದ ಹಾಗಾಗಿದೆ ಎಂದರು ಜನ. ನಿಜವೇ. ಆದರೆ ಅವಳ ಎದೆಯೊಳಗೆ ಕೂತದ್ದು ಯಾರಿಗೂ ಗೊತ್ತಿರಲಿಲ್ಲ. ತಾನು ಕೂಗಿದ ಒಂದು ಮಾತಿನಿಂದಲೇ ಗಂಡ ಸತ್ತರು ಎಂದು ಅವಳು ನಂಬಿಬಿಟ್ಟಿದ್ದಳು.

ಆ ಮಾತಿಗೆ ಹಳೆಯ ಕತೆಯೊಂದಿದೆ. ವಿಮಲ ಚಾಮರಾಜನಗರದ ಕಡೆಯ ಹುಡುಗಿ. ಮದುವೆಯಾಗಿ ಕಾಡು ದಾಟಿ ವಯನಾಡಿಗೆ ಬಂದಾಗ ಮಲಯಾಳದ ಗಂಧವೂ ಇರಲಿಲ್ಲ. ಬಂದ ಹೊಸತರಲ್ಲಿ ಅಕ್ಕಪಕ್ಕದವರು "ಪುಲಿ, ಪುಲಿ" ಎಂದು ಬೊಬ್ಬೆ ಹಾಕಿದ್ದು ಕೇಳಿ ಅಟ್ಟ ಹತ್ತಿ ಕೂತಿದ್ದಳು. ಗೌಡರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಎಲೇ, ಇಲ್ಲಿಯವರ ಪುಲಿ ನಿಮ್ಮೂರ ಹುಲಿ ಅಲ್ಲ ಕಣೇ. ಪುಲಿ ಅಂದ್ರೆ ಚಿರತೆ. ನಿಮ್ಮ ಹುಲಿಗೆ ಇಲ್ಲಿ ಕಡುವ ಅಂತಾರೆ. ಇಳಿ ಕೆಳಗೆ!"

ಅಲ್ಲಿಂದ ಅದು ಮನೆಯ ತಮಾಷೆಯಾಯಿತು. ಹೆಂಡತಿಯನ್ನು ರೇಗಿಸಲೆಂದು ಗೌಡರು ಚಿರತೆಗೂ ಹುಲಿ ಎನ್ನತೊಡಗಿ, ಕೊನೆಗೆ ಅದೇ ರೂಢಿಯಾಯಿತು. "ಹುಲಿ ಬಂದಿತ್ತು, ತಗಡು ಬಡಿದೆ, ಓಡಿತು" ಎಂದು ಊಟಕ್ಕೆ ಕೂತಾಗ ಹೇಳಿ ಮಜ್ಜಿಗೆ ಕುಡಿಯುವುದು ಮಾಮೂಲು ಸಂಗತಿ.

ಗೌಡರ ತಂದೆಯ ಕಾಲದಲ್ಲಿ ಆ ಮನೆಗೆ ಕರಿಮೆಣಸೇ ಲಕ್ಷ್ಮಿ. ಬಳ್ಳಿಗಳಿಗೆ ರೋಗ ತಗುಲಿ ತೋಟವೆಲ್ಲ ಒಣಗಿದಾಗ ಅಣ್ಣಂದಿರು ಕಲ್ಪೆಟ್ಟದಲ್ಲಿ ಅಂಗಡಿ ಇಟ್ಟರು, ಇವರು ಹಸು ಕಟ್ಟಿದರು. ಮನುಷ್ಯರ ಜೊತೆ ಅಳೆದು ತೂಗಿ ಮಾತಾಡುವ ಆಸಾಮಿ ಕೊಟ್ಟಿಗೆ ಹೊಕ್ಕರೆ ಮಹಾ ವಾಚಾಳಿ. ಸೊಸೈಟಿಯವನ ಜೊತೆಗಿನ ಜಗಳ, ಅಣ್ಣನ ಸಕ್ಕರೆ ಕಾಯಿಲೆ, ಎಲ್ಲವನ್ನೂ ಹಾಲು ಕರೆಯುತ್ತ ಹಸುಗಳಿಗೆ ವರದಿ ಒಪ್ಪಿಸುತ್ತಿದ್ದರು. ಮಗಳು ಸೌಮ್ಯಳಿಗೆ ಗಂಡು ಗೊತ್ತಾದ ಸುದ್ದಿಯನ್ನು ವಿಮಲ ಕೇಳಿಸಿಕೊಂಡದ್ದೂ ಕೊಟ್ಟಿಗೆಯ ಗೋಡೆಗೆ ಕಿವಿಯಿಟ್ಟೇ. "ನನ್ನ ಸವತಿಯರಿಗೆ ಮೊದಲು, ನನಗೆ ಆಮೇಲೆ" ಎಂದು ಅವಳು ಮೂಗು ಮುರಿಯುತ್ತಿದ್ದಳು. ಜೈನರ ಮನೆಯಾದ್ದರಿಂದ ಹೊತ್ತು ಮುಳುಗುವ ಮೊದಲೇ ಊಟ ಮುಗಿಯಬೇಕು. ಹಾಗಾಗಿ ಸಂಜೆಯ ಹಾಲು ಕರೆಯುವುದೂ ಊರಿಗೆಲ್ಲ ಮೊದಲು ಇವರ ಮನೆಯಲ್ಲಿಯೇ.

ಹಾಲು ಬತ್ತಿದ ಹಸುವನ್ನು ಪನಮರಂ ಕಡೆಯ ವ್ಯಾಪಾರಿಗೆ ಮಾರಿಬಿಡುವುದು ಸುತ್ತಲಿನವರ ವಾಡಿಕೆ. ಗೌಡರು ಮಾತ್ರ ಜಪ್ಪಯ್ಯ ಎಂದರೂ ಕೊಡುತ್ತಿರಲಿಲ್ಲ. ಕಟುಕನ ಕೈಗೆ ಹೋಗುತ್ತದೆಂದು ತಿಳಿದೂ ಕೊಟ್ಟರೆ ಬಸದಿಯ ಮೆಟ್ಟಿಲು ಹತ್ತುವುದು ಯಾವ ಮುಖ ಹೊತ್ತು? ಹೀಗೆ ಅವರಲ್ಲಿ ಉಳಿದುಕೊಂಡದ್ದು ಚಂದ್ರಿ, ಎರಡೂ ಕಣ್ಣು ಹೋದ ಮುದಿ ಹಸು. "ಗೌಡರ ಪೆನ್ಷನ್‌ದಾರಳು" ಎಂದು ಊರವರು ನಗುತ್ತಿದ್ದರು. ಗೌಡರು ದಿನಾ ಬೆಳಿಗ್ಗೆ ಅದನ್ನು ಕೈಹಿಡಿದು ನಡೆಸುವವರ ಹಾಗೆ ಮೆಲ್ಲಗೆ ಗದ್ದೆಯಂಚಿಗೆ ಒಯ್ದು ಕಟ್ಟುತ್ತಿದ್ದರು.

ಆ ದಿನವೂ ಚಂದ್ರಿಯನ್ನು ಕಟ್ಟಿ ಬಂದು, ಕುಡುಗೋಲು ಹಿಡಿದು ಮತ್ತೆ ಗದ್ದೆಯ ಕಡೆ ಇಳಿಯುತ್ತಿದ್ದರು. ಹುಲ್ಲು ಕೊಯ್ಯುವ ಆಳು ಚಿಕ್ಕಿ ಆಗಲೇ ಕೆಳಗಿದ್ದಳು. ಅಷ್ಟರಲ್ಲಿ ಪಕ್ಕದ ಮನೆಯ ಶೈಲಜಳ ಫೋನು ಬಂತು.

"ಚೇಚ್ಚಿ, ವಯಲಿಲ್ ಕಡುವ!"

ಗದ್ದೆಯಲ್ಲಿ ಹುಲಿ! ವಿಮಲ ಹಿತ್ತಿಲಿಗೆ ಓಡಿ ಗಂಟಲು ಹರಿಯುವಂತೆ ಕೂಗಿದಳು. "ರೀ, ಹುಲಿ! ಹುಲಿ ಬಂದದಂತೆ! ವಾಪಸ್ ಬನ್ನಿ!"

ಗೌಡರು ತಿರುಗಿ ನೋಡಿದರು, ಆಯಿತು ಎನ್ನುವಂತೆ ಕೈಯಾಡಿಸಿದರು, ಇಳಿದೇ ಹೋದರು. ಸ್ವಲ್ಪ ಹೊತ್ತಿಗೆ ಚಿಕ್ಕಿ ಏದುಸಿರು ಬಿಡುತ್ತ ಅಂಗಳಕ್ಕೆ ಓಡಿ ಬಂದು, ಗದ್ದೆಯ ಕಡೆ ಬೆರಳು ತೋರಿಸಿ ಚೀರಿ, ಎಚ್ಚರ ತಪ್ಪಿ ಬಿದ್ದಳು. ಜನ ಕೋಲು ಹಿಡಿದು ಓಡುವಷ್ಟರಲ್ಲಿ ಎಲ್ಲ ಮುಗಿದಿತ್ತು. ಚಂದ್ರಿ ಮಾತ್ರ ಹಗ್ಗ ಎಳೆದುಕೊಂಡು ಕಾಫಿ ಗಿಡಗಳ ನಡುವೆ ತಡವರಿಸುತ್ತಿತ್ತು.

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಶೈಲಜ ಕಡುವ ಎಂದೇ ಹೇಳಿದ್ದಳಲ್ಲ, ಆ ಪದವನ್ನೇ ಕೂಗಬಾರದಿತ್ತೇ? ಹೆದರಿಕೆಯಲ್ಲಿ ಬಾಯಿಗೆ ಬಂದದ್ದು ತವರಿನ ಮಾತು. ಅವರು ಚಿರತೆ ಎಂದುಕೊಂಡರು, ತಗಡು ಬಡಿದರೆ ಓಡುತ್ತದೆ ಎಂದುಕೊಂಡರು. ಮಗಳ ಮುಂದೆಯೂ ಬಾಯಿ ಬಿಡದೆ ವಿಮಲ ಇದನ್ನೇ ಒಳಗೊಳಗೆ ತಿರುವುತ್ತಿದ್ದಳು. ಗಂಡನ ಪಟದ ಮುಂದೆ ದೀಪ ಹಚ್ಚುವಾಗ, ತಪ್ಪಾಯಿತು ರೀ, ತಪ್ಪಾಯಿತು ಎಂದು ಕೈಮುಗಿಯುತ್ತಿದ್ದಳು.

ಸೂತಕ ಕಳೆದ ಮೇಲೆ ಚಿಕ್ಕಿ ಬಂದಳು. ಹೆದರಿಕೆಯ ಜ್ವರಕ್ಕೆ ಅವಳು ಇಷ್ಟು ದಿನ ಮಾನಂತವಾಡಿಯ ಆಸ್ಪತ್ರೆಯಲ್ಲಿದ್ದವಳು. ಮೈ ಅರ್ಧಕ್ಕೆ ಇಳಿದಿತ್ತು. ಜಗಲಿಯಲ್ಲಿ ಕೂತವಳನ್ನು ವಿಮಲ ತಡೆಯಲಾರದೆ ಕೇಳಿಯೇಬಿಟ್ಟಳು.

"ಚಿಕ್ಕಿ, ನಿಜ ಹೇಳು. ಅವ್ರು ತಗಡು ಬಡೀತಾ ಹೋದ್ರಾ?"

"ಎಂಥ ತಗಡಮ್ಮ? ನೀವು ಕೂಗಿದ್ದು ನಂಗೂ ಕೇಳ್ತು. ಈ ಮನೇಲಿ ಹುಲಿ ಅಂದ್ರೆ ಪುಲಿನೇ ಅಲ್ವಾ ಅಂತ ನಾ ಕೊಯ್ತಾನೇ ಇದ್ದೆ. ಗೌಡ್ರು ಓಡಿ ಬಂದು ನನ್ನ ರಟ್ಟೆ ಹಿಡಿದು ಎಬ್ಬಿಸಿದ್ರು. 'ಪುಲಿ ಅಲ್ಲ, ಕಡುವ. ವಿಮಲ ಆ ದನೀಲಿ ಕೂಗಿದ್ರೆ ಅದು ಕಡುವನೇ. ಓಡು' ಅಂದ್ರು."

"ಮತ್ತೆ ಅವ್ರು?"

"ನೀವೂ ಬನ್ನಿ ಅಂದೆ ಅಮ್ಮ. 'ಚಂದ್ರಿಗೆ ಕಣ್ಣಿಲ್ಲ, ಕಟ್ಟಿ ಬಂದೋನು ನಾನು, ಬಿಚ್ಚಿಬಿಟ್ಟು ಬತ್ತೀನಿ' ಅಂತ ಅತ್ಲಾಗೆ ಹೋದ್ರು."

ಎದೆಯ ಮೇಲಿನ ಬಂಡೆ ಒಂದು ಗಳಿಗೆ ಇಳಿಯಿತು. ತನ್ನ ಮಾತು ಅವರಿಗೆ ಮುಟ್ಟಿತ್ತು. ಅಯ್ಯೋ, ಮುಟ್ಟಿತ್ತು! ಹಾಗೆಂದುಕೊಂಡ ಮರುಕ್ಷಣವೇ ಇನ್ನೊಂದು ಯೋಚನೆ ಅವಳನ್ನು ಹಿಡಿಯಿತು. ತಪ್ಪು ತಿಳಿದು ಹೋದವರನ್ನು ನೆನೆದು ಅಳಬಹುದಿತ್ತು. ಸರಿಯಾಗಿ ತಿಳಿದೇ ಹೋದವರನ್ನು ಏನು ಮಾಡುವುದು?

ವಿಮಲ ಎದ್ದು ಒಳಗೆ ಹೋಗಿ ಪಟದ ಮುಂದೆ ನಿಂತಳು. ಮದುವೆಯಾದಂದಿನಿಂದ ಗಂಡನಿಗೆ ನೀವು ಎಂಬುದನ್ನು ಬಿಟ್ಟು ಬೇರೆ ಮಾತಾಡಿದವಳಲ್ಲ. ಈಗ ಜಗಲಿಯಲ್ಲಿದ್ದ ಚಿಕ್ಕಿ ಬೆಚ್ಚಿ ಎದ್ದು ನಿಲ್ಲುವಂತೆ ಅವಳ ಅಳು ಒಡೆದು ಬಂತು.

"ಪಾಪಿ, ಗೊತ್ತಿದ್ದೂ ಹೋದ್ಯಾ? ನನ್ನ ದನಿ ತಿಳೀತು, ನಾ ಕೂಗಿದ್ದು ತಿಳೀತು. ನಾನೊಬ್ಳು ಇಲ್ಲಿದೀನಿ ಅನ್ನೋದು ತಿಳೀಲಿಲ್ವಾ ನಿಂಗೆ?"