ಟಿಕೆಟ್ಟಿನ ಮೇಲಿದ್ದ 994009

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಕಮರ್ಷಿಯಲ್ ಸ್ಟ್ರೀಟಿನ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದೆ. ಅಲ್ಲಿ ಜೊತೆಗೆ ಕೆಲಸ ಮಾಡುತ್ತಿದ್ದ ಗೆಳತಿ ಕಲಬುರಗಿ ಕಡೆಯವಳು, ಮರ್ಫಿ ಟೌನಿನಲ್ಲಿ ಬಾಡಿಗೆ ಕೋಣೆ ಮಾಡಿಕೊಂಡಿದ್ದಳು. ಎಸ್ಸೆಸ್ಸೆಲ್ಸಿಯಲ್ಲಿ ಅವಳನ್ನು ಕೆಡವಿದ್ದು ಗಣಿತ ಒಂದೇ. ಬೀಜಗಣಿತದ ಸೂತ್ರಗಳು ಬಾಯಿಪಾಠವಿದ್ದವು. ಅವುಗಳಿಂದ ಏನು ಮಾಡಬೇಕೆಂದೇ ತಿಳಿಯದೆ ಆ ಪ್ರಶ್ನೆಗಳನ್ನೆಲ್ಲ ಖಾಲಿ ಬಿಟ್ಟು ಬಂದಿದ್ದಳಂತೆ. ಮತ್ತೆ ಪರೀಕ್ಷೆ ಕಟ್ಟಬೇಕೆಂಬ ಆಸೆ ಬೆಟ್ಟದಷ್ಟಿತ್ತು, ಭಯವೂ ಅಷ್ಟೇ ಇತ್ತು.

ಮಧ್ಯಾಹ್ನ ಗಿರಾಕಿಗಳಿಲ್ಲದಾಗ ನಮಗೊಂದು ಹುಚ್ಚು. ಶಿವಾಜಿನಗರದ ಬಸ್ ಟಿಕೆಟ್ ತೆಗೆದು, ಅದರ ನಂಬರನ್ನು ಯಾವ ಸಂಖ್ಯೆ ಶೇಷವಿಲ್ಲದೆ ಭಾಗಿಸುತ್ತದೆ ಎಂದು ಹುಡುಕುವುದು. ಹೆಚ್ಚಿನವು ಮೂರಕ್ಕೋ ಏಳಕ್ಕೋ ಶರಣಾಗುತ್ತಿದ್ದವು. ಒಂದು ದಿನ ಅವಳಿಗೆ 994009 ಸಿಕ್ಕಿತು. ಅದು ಯಾವುದಕ್ಕೂ ಬಗ್ಗಲಿಲ್ಲ.

“ಇದು ಅವಿಭಾಜ್ಯ ಹೌದೋ ಅಲ್ಲೋ ಕೈಲೇ ಲೆಕ್ಕ ಮಾಡಿ ನೋಡ್ತೀನಿ. ಉತ್ತರ ಸರಿಯಾದ್ರ ಪರೀಕ್ಷೆ ಕಟ್ತೀನಿ, ಇಲ್ಲಂದ್ರ ಇಲ್ಲ” ಎಂದಳು.

ಸಾವಿರವನ್ನು ಸಾವಿರದಿಂದ ಗುಣಿಸಿದರೆ ಹತ್ತು ಲಕ್ಷ, ಟಿಕೆಟ್ಟಿನ ಸಂಖ್ಯೆಗಿಂತ ದೊಡ್ಡದು. ಹಾಗಾಗಿ ಸಾವಿರದೊಳಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕಿತ್ತು. ಸೀರೆ ಡಬ್ಬದ ರಟ್ಟುಗಳ ಮೇಲೆ ವಾರಗಟ್ಟಲೆ ಭಾಗಿಸಿದಳು. ನನಗೋ ತಲೆ ಚಿಟ್ಟು ಹಿಡಿದಿತ್ತು; ಆದರೂ ಬೆಳಿಗ್ಗೆ ಬಂದ ಕೂಡಲೇ “ಎಲ್ಲಿಗೆ ಬಂತೇ?” ಎಂದು ಕೇಳುವವಳು ನಾನೇ. ಕೊನೆಗೆ 991ರಿಂದ ಭಾಗಿಸಿದಾಗಲೂ ಶೇಷ ಉಳಿಯಿತು. ಪೆನ್ನು ಕೆಳಗಿಟ್ಟು “ಅವಿಭಾಜ್ಯ!” ಎಂದು ಘೋಷಿಸಿದಳು.

“ಕೊನೇದು, 997 ನೋಡಿಲ್ವಲ್ಲ?” ಎಂದೆ.

“ಥಾನಿನ ಕೊನೇ ತುಂಡು ಯಾರು ಅಳೀತಾರ? ಇಷ್ಟ್ ಮಂದಿ ಕೈಲಿ ಆಗ್ಲಿಲ್ಲ, ಅದೊಂದ್ರ ಕೈಲಿ ಆಗ್ತದೇನು?”

ನಮ್ಮ ಅಂಗಡಿಯ ಅಭ್ಯಾಸವೇ ಅದು. ಬಟ್ಟೆ ಅಳೆಯುತ್ತ ಥಾನು, ಅಂದರೆ ಬಟ್ಟೆಯ ಸುರುಳಿ, ಮುಗಿಯುತ್ತ ಬಂದಾಗ ಉಳಿದ ಚೂರನ್ನು ಅಳೆಯದೆ ಹಾಗೇ ಗಿರಾಕಿಗೆ ಬಿಟ್ಟುಬಿಡುತ್ತಿದ್ದೆವು. ನನಗೆ ಕುತೂಹಲ ತಡೆಯಲಾಗಲಿಲ್ಲ, ಕೌಂಟರಿನ ಕ್ಯಾಲ್ಕುಲೇಟರ್ ಒತ್ತಿದೆ. 994009ನ್ನು 997ರಿಂದ ಭಾಗಿಸಿದರೆ ಬಂದದ್ದೂ 997. ಅವಳ ಮುಖ ನೋಡಿ, ಯಾಕಾದರೂ ಒತ್ತಿದೆನೋ ಎನಿಸಿತು.

ಅವಳು ರಟ್ಟನ್ನೇ ದಿಟ್ಟಿಸುತ್ತ ಕೂತಳು. ಆಮೇಲೆ ಮೆಲ್ಲಗೆ, “ತಡಿ. 997 ಅಂದ್ರ ಸಾವಿರಕ್ಕ ಮೂರು ಕಮ್ಮಿ. ಎ ಮೈನಸ್ ಬಿ ಹೋಲ್ ಸ್ಕ್ವೇರ್! ಹತ್ತು ಲಕ್ಷದಾಗ ಆರು ಸಾವಿರ ಕಳೆದು ಒಂಬತ್ತು ಕೂಡಿಸು, ಇದೇ ಬರ್ತದ” ಎಂದಳು. ಕ್ಯಾಲ್ಕುಲೇಟರ್ ಕಡೆ ತಿರುಗಿಯೂ ನೋಡಲಿಲ್ಲ.

“ಉತ್ತರ ತಪ್ಪಾಯ್ತಲ್ಲ, ಪರೀಕ್ಷೆ ಕಟ್ಟಲ್ವಾ?” ಎಂದು ಹೆದರುತ್ತಲೇ ಕೇಳಿದೆ.

“ಕಟ್ಟದೆ ಏನು? ಈ ಸಲ ಕೊನೇ ತುಂಡೂ ಅಳೀತೀನಿ.”