ಮಂಜುನಾಥಪ್ಪನ ಸುಖಡಿ

ಸಾಗರದ ಸಾಮಿಲ್ಲೊಂದರಲ್ಲಿ ಗರಗಸಕ್ಕೆ ಸಾಣೆ ಹಿಡಿಯುತ್ತಲೇ ತಲೆ ನೆರೆಸಿಕೊಂಡ ಮಂಜುನಾಥಪ್ಪ ಮಹಾ ಹಟಮಾರಿ. ಆದರೆ ಜನ್ಮದಲ್ಲಿ ಒಂದು ಲೋಟ ಚಹಾ ಕಾಸಿದವನೂ ಅಲ್ಲ. ಅಂಥವನು ಬೆಳಿಗ್ಗೆ ಎದ್ದವನೇ ಹೆಂಡತಿ ಗುತ್ಯಮ್ಮನನ್ನು ಒಲೆಯ ಮುಂದಿನಿಂದ ಎಬ್ಬಿಸಿ, "ಇವತ್ತು ಸುಖಡಿ ಮಾಡೋದು ನಾನು" ಎಂದುಬಿಟ್ಟ.

ಇದಕ್ಕೆಲ್ಲ ಕಾರಣ ಜಶೋದಮ್ಮ. ಗುಜರಾತಿನಿಂದ ಸೊಸೆಯಾಗಿ ಬಂದ ಮಿಲ್ಲಿನ ಯಜಮಾನಿ ಜಶೋದಾಬೆನ್ ಕೆಲಸಗಾರರ ಬಾಯಲ್ಲಿ ಎಂದೋ ಜಶೋದಮ್ಮ ಆಗಿದ್ದರು. ದೀಪಾವಳಿ ಬಂತೆಂದರೆ ಮಿಲ್ಲಿನ ಅಂಗಳದಲ್ಲೇ ಗೋಧಿಹಿಟ್ಟು, ತುಪ್ಪ, ಬೆಲ್ಲದ ಸುಖಡಿ ಮಾಡಿ, ಬಿಸಿ ತುಂಡನ್ನು ಒಬ್ಬೊಬ್ಬರ ಕೈಗೂ ತಾವೇ ಇಡುತ್ತಿದ್ದರು. ಕೊನೆಯ ಹಮಾಲಿಗೆ ಸಿಕ್ಕಮೇಲೆ ಮನೆಯವರಿಗೆ. ತಮಗೆ ಬಾಣಲೆಗೆ ಅಂಟಿದ್ದು, ಅದೂ ಉಳಿದಿದ್ದರೆ. ಈಗ ಮಿಲ್ಲು ಮುಚ್ಚಿದೆ, ಅವರ ಕೈ ನಡುಗುತ್ತದೆ. ನಾಳೆ ರಾಜ್‌ಕೋಟ್‌ನ ಮಗಳ ಮನೆಗೆ ಹೊರಟರೆ ಮತ್ತೆ ಬರುವ ಮಾತಿಲ್ಲ. ಒಂದು ಸಲವಾದರೂ ಆ ತಾಯಿ ಮೊದಲ ತುಂಡು ತಿನ್ನಬೇಕು, ಅದೂ ತಾನು ಮಾಡಿದ್ದನ್ನು. ಮಂಜುನಾಥಪ್ಪನ ಹಟ ಇದು.

ತುಪ್ಪದಲ್ಲಿ ಹಿಟ್ಟನ್ನು ಘಮ್ಮೆನ್ನುವವರೆಗೆ ಹುರಿದ. ಮಲೆನಾಡಿನವನಿಗೆ ಬೆಲ್ಲವೆಂದರೆ ಜೇನಿನಂತೆ ಹರಿಯುವ ಜೋನಿಬೆಲ್ಲ ತಾನೆ? ಡಬ್ಬಿ ಎತ್ತಿ ಸುರಿದ. ಮಧ್ಯಾಹ್ನವಾದರೂ ತಟ್ಟೆಯಲ್ಲಿದ್ದದ್ದು ಗಟ್ಟಿಯಾಗಲೇ ಇಲ್ಲ.

"ದೋಸೆ ಹೊಯ್ತೀನಿ, ಹಚ್ಕಂಡು ತಿನ್ನಾಣ" ಎಂದಳು ಗುತ್ಯಮ್ಮ. "ಅವ್ರನ್ನೇ ಒಂದ್ಮಾತು ಕೇಳ್ಬಾರ್ದಾ?"

"ಕೇಳಿದ್ರೆ ಅವ್ರೇ ಮಾಡೋಕೆ ಎದ್ದು ಬರ್ತಾರೆ. ಸುಮ್ನಿರು."

ಪೇಟೆಗೆ ಹೋಗಿ ಅಚ್ಚುಬೆಲ್ಲ ತಂದ. ಕಜ್ಜಾಯಕ್ಕೆ ಪಾಕ ಬರಬೇಕೆಂದು ಹೆಂಡತಿ ಹೇಳುವುದನ್ನು ಕೇಳಿದ್ದನಲ್ಲ, ಬೆಲ್ಲವನ್ನು ಹಿಟ್ಟಿನ ಜೊತೆ ಕುದಿಸಿಯೇ ಕುದಿಸಿದ. ಈ ಸಲ ಆದದ್ದು ಜಂಬಿಟ್ಟಿಗೆಯ ಕಲ್ಲು. ಚಾಕು ಬಾಗಿತು.

"ನಿಮ್ಮ ಗರಗಸ ತರ್ಲಾ?"

ಮಂಜುನಾಥಪ್ಪನಿಗೆ ಸಿಟ್ಟು ನೆತ್ತಿಗೇರಿತು. ಆದರೆ ಸಿಟ್ಟಿನಿಂದ ಸುಖಡಿ ಆಗುತ್ತದೆಯೇ? ಕಣ್ಣುಮುಚ್ಚಿ ಕೂತು ಮಿಲ್ಲಿನ ಅಂಗಳವನ್ನು ನೆನೆಸಿಕೊಂಡ. ಮರದ ಹೊಟ್ಟು ತುಂಬಿದ ಒಲೆ. ಅದನ್ನು ಹೊತ್ತಿಸುತ್ತಿದ್ದವನು ತಾನೇ. ಹಿಟ್ಟು ಕೆಂಪಾದದ್ದೇ ಜಶೋದಮ್ಮ "ಇಳ್ಸು, ಇಳ್ಸು!" ಎಂದು ಕೂಗುತ್ತಿದ್ದರು. ಬಾಣಲೆ ಇಳಿಸುತ್ತಿದ್ದವನೂ ತಾನೇ. ಬೆಲ್ಲ ಬೀಳುತ್ತಿದ್ದದ್ದು ಬಾಣಲೆ ನೆಲಕ್ಕಿಳಿದ ಮೇಲೆ, ಉರಿಯಿಲ್ಲದೆ! ವರ್ಷವರ್ಷವೂ ಕಣ್ಣಾರೆ ಕಂಡವನಿಗೆ ಇಷ್ಟು ಹೊತ್ತು ಹೊಳೆಯಲಿಲ್ಲವಲ್ಲ ಎಂದು ತಲೆ ಚಚ್ಚಿಕೊಂಡ.

ಸಂಜೆಗೆ, ಮೂರನೆಯ ಸಲ ಮಾಡಿದ, ಇನ್ನೂ ಬೆಚ್ಚಗಿದ್ದ ಸುಖಡಿಯ ತಟ್ಟೆ ಹಿಡಿದು ಜಶೋದಮ್ಮನ ಮನೆ ಬಾಗಿಲಲ್ಲಿ ನಿಂತಿದ್ದ. ಅವರು ತಟ್ಟೆ ನೋಡಿದರು, ಅವನನ್ನು ನೋಡಿದರು. ಒಂದು ತುಂಡು ಎತ್ತಿ, ರೂಢಿಯಂತೆ ಅವನ ಕಡೆಗೇ ಚಾಚಿದರು.

ಮಂಜುನಾಥಪ್ಪ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ. "ಮೊದ್ಲು ನೀವು."

"ಅದೆಂತ ಮಾರಾಯ, ಪದ್ಧತಿ ಬಿಡ್ಸ್ತೀಯಾ?"

"ಮಿಲ್ಲು ಮುಚ್ಚಿದೆ ಅಮ್ಮ. ನೀವೀಗ ಯಜಮಾನ್ತಿ ಅಲ್ಲ, ನಾನು ಆಳಲ್ಲ. ತಿನ್ನಿ."

ಜಶೋದಮ್ಮ ತುಂಡನ್ನು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದರು. "ತುಪ್ಪ ಕಮ್ಮಿ" ಎಂದರು. ಇನ್ನೊಂದು ತಿಂದರು. ಮತ್ತೊಂದನ್ನೂ ತಿಂದು, ಒದ್ದೆಗಣ್ಣಲ್ಲೇ ನಕ್ಕು, ತಟ್ಟೆಯನ್ನು ಮಡಿಲಿಗೆ ಎಳೆದುಕೊಂಡರು.

"ಹೋಗು. ನಿಂಗೆ ಬಾಣಲೆಗೆ ಅಂಟಿದ್ದು."

ಮನೆಗೆ ಬಂದಾಗ ಗುತ್ಯಮ್ಮ ಬಾಣಲೆಗೆ ನೀರು ಸುರಿಯುವುದರಲ್ಲಿದ್ದಳು. "ತಡಿಯೇ ಮಾರಾಯ್ತಿ, ಅದು ನಂದು!" ಎಂದು ಮಂಜುನಾಥಪ್ಪ ಅದನ್ನು ಕಿತ್ತುಕೊಂಡು, ಸೌಟು ಹಿಡಿದು ನೆಲಕ್ಕೆ ಕೂತ.