ಇಬ್ಬರು ಶಾರದೆಯರು

೧೯೮೩ರ ಮಾತು. ಉಡುಪಿಯ ಒಂದು ಹೆರಿಗೆ ಆಸ್ಪತ್ರೆಯ ಲ್ಯಾಬಿನಲ್ಲಿ ನಾವಿಬ್ಬರೇ ಕೆಲಸಕ್ಕಿದ್ದೆವು, ನಾನು ಮತ್ತು ನನಗಿಂತ ಕಿರಿಯಳಾದ ಐರಿನ್.

ಐರಿನ್ ರಕ್ತದ ಟ್ಯೂಬಿನ ಮೇಲೆ ರೋಗಿಯ ಹೆಸರು, ಗಂಡನ ಹೆಸರು, ಊರು ಎಲ್ಲವನ್ನೂ ಬರೆಯುತ್ತಿದ್ದಳು. ಇದರಿಂದ ತಡವಾಗುತ್ತದೆಂದು ನನಗೆ ಸಿಟ್ಟು. ಒಂದು ದಿನ ಡಾಕ್ಟರ ಎದುರೇ, "ತಡ ಆಗುತ್ತದೆ, ಹೆಸರು ಬರೆದರೆ ಸಾಕು, ಊರಿನ ಪುರಾಣ ಬೇಡ" ಎಂದುಬಿಟ್ಟೆ. ಅವಳು ಏನೋ ಹೇಳಲು ಹೊರಟಳು. ನಾನು ಕೇಳಿಸಿಕೊಳ್ಳಲಿಲ್ಲ. ಅಂದಿನಿಂದ ನಮ್ಮ ನಡುವೆ ಮಾತು ನಿಂತು, ಚೀಟಿಯಲ್ಲೇ ವ್ಯವಹಾರವಾಯಿತು.

ಐದನೆಯ ದಿನ ಬೆಳಿಗ್ಗೆ ಶಾರದಾ ಎಂಬವರಿಗೆ ಹೆರಿಗೆಯ ನಂತರ ರಕ್ತಸ್ರಾವ ನಿಲ್ಲುತ್ತಿಲ್ಲ, ಕೂಡಲೇ ರಕ್ತ ಬೇಕು ಎಂದು ವಾರ್ಡಿನಿಂದ ಕರೆ ಬಂತು. ಸ್ಟ್ಯಾಂಡಿನಲ್ಲಿ, ನಾನು ಹೇಳಿದಂತೆ ಬರೀ 'ಶಾರದಾ' ಎಂದು ಬರೆದ ಟ್ಯೂಬ್ ಇತ್ತು. ಪರೀಕ್ಷಿಸಿದೆ, ಎ ಗುಂಪು. ಫ್ರಿಜ್ಜಿನಿಂದ ಎ ಗುಂಪಿನ ಬಾಟಲಿ ತೆಗೆದು ಟ್ಯೂಬಿನ ರಕ್ತದೊಂದಿಗೆ ಹೊಂದಿಸಿ ನೋಡಿದೆ, ಸರಿಯಾಗಿತ್ತು. ಬಾಟಲಿ ಒಯ್ಯಲು ಆಯಾ ಬಾಗಿಲಲ್ಲಿ ಕಾಯುತ್ತಿದ್ದರು. ಹೊರಗೆ ಆ ಹೆಂಗಸಿನ ಗಂಡ ಗೋಡೆಗೆ ಹಣೆ ಒತ್ತಿ ನಿಂತಿದ್ದ.

ಅಷ್ಟರಲ್ಲಿ ಐರಿನ್ ವಾರ್ಡಿನಿಂದ ಏದುಸಿರು ಬಿಡುತ್ತಾ ಒಳಬಂದಳು. "ಸರ್, ಅದು ಯಾರ ರಕ್ತ?"

"ಈಗ ಮಾತಿಗೆ ಪುರುಸೊತ್ತಿಲ್ಲ, ದಾರಿ ಬಿಡಿ."

ಅವಳು ಬಾಟಲಿಯ ಮೇಲೆ ಕೈ ಇಟ್ಟಳು. "ಆಮೇಲೆ ಬೇಕಾದಷ್ಟು ಬೈಯಿರಿ. ಮೊದಲು ಕೇಳಿ. ಆ ಟ್ಯೂಬ್ ಉಚ್ಚಿಲದ ಶಾರದಾ ಅವರದ್ದು, ತಪಾಸಣೆಗೆ ಬಂದವರು. ಹೆರಿಗೆ ಆದದ್ದು ಅಜೆಕಾರಿನ ಶಾರದಾ ಅವರಿಗೆ. ಅವರ ರಕ್ತ ಇಕೊಳ್ಳಿ, ನನ್ನ ಕೈಯಲ್ಲಿ ಉಂಟು. ಈಗಷ್ಟೇ ತೆಗೆದದ್ದು."

ನಾನು ಬಾಟಲಿಯನ್ನು ಮೇಜಿನ ಮೇಲಿಟ್ಟೆ. ಅವಳು ತಂದ ರಕ್ತವನ್ನು ಪರೀಕ್ಷಿಸುವಾಗ ಡ್ರಾಪರ್ ಎರಡು ಸಲ ಕೈಯಿಂದ ಜಾರಿತು. ಓ ಗುಂಪು! ಎ ರಕ್ತ ಹೋಗಿದ್ದರೆ ಆ ತಾಯಿ ಬದುಕುವುದು ಕಷ್ಟವಿತ್ತು. ಓ ಗುಂಪಿನ ಬಾಟಲಿ ಹುಡುಕಿ, ಹೊಂದಿಸಿ, ಇಬ್ಬರೂ ಎರಡೆರಡು ಸಲ ನೋಡಿ ಕಳಿಸಿದೆವು. ರಕ್ತಸ್ರಾವ ನಿಂತಿತು ಎಂಬ ಸುದ್ದಿ ಬರುವವರೆಗೆ ನಾವು ಕುಳಿತುಕೊಳ್ಳಲಿಲ್ಲ.

ಮಧ್ಯಾಹ್ನ ನಾನೇ ಅವಳ ಎದುರು ಸ್ಟೂಲ್ ಎಳೆದು ಕೂತೆ. "ಅವತ್ತು ಎಂತ ಹೇಳಲು ಹೊರಟಿದ್ದಿರಿ? ಹೇಳಿ, ನಡುವೆ ಬಾಯಿ ಹಾಕುವುದಿಲ್ಲ."

ಅವಳು ತೊಳೆಯುತ್ತಿದ್ದ ಟ್ಯೂಬನ್ನು ಕೆಳಗಿಟ್ಟಳು. "ತಡ ಆಗುವುದು ಬರೆಯುವುದರಿಂದ ಅಲ್ಲ ಸರ್. ವಾರ್ಡಿಗೆ ಓಡುವುದು, ಟ್ಯೂಬ್ ತೊಳೆಯುವುದು, ಎಲ್ಲ ನಾನೊಬ್ಬಳೇ. ನೀವು ತಡ ಅಂದಿರಿ, ಯಾಕೆ ಎಂದು ಕೇಳಲಿಲ್ಲ. ಡಾಕ್ಟರ ಎದುರು ಹೇಳಿದ್ದು ನನಗೆ ತುಂಬಾ ಬೇಸರ ಆಯಿತು."

ಅವಳು ಹೇಳಿದ್ದು ನಿಜವಾಗಿತ್ತು. ಡಾಕ್ಟರ ಬಳಿ ಹೋಗಿ ನಡೆದದ್ದನ್ನೆಲ್ಲ ಒಪ್ಪಿಕೊಂಡೆ. ಮರುದಿನದಿಂದ ಟ್ಯೂಬ್ ತೊಳೆಯುವ ಕೆಲಸ ಹಂಚಿಕೊಂಡೆವು. ಆಮೇಲೂ ಜಗಳವಾಡಿದ್ದುಂಟು, ಆದರೆ ಮಾತು ಬಿಡಲಿಲ್ಲ.

ವಾರದ ನಂತರ ಅಜೆಕಾರಿನ ಶಾರದಾ ಮಗುವನ್ನು ಎತ್ತಿಕೊಂಡು ಮನೆಗೆ ಹೊರಟವರು ಲ್ಯಾಬಿನ ಬಾಗಿಲಲ್ಲಿ ನಿಂತು, "ನಿಮ್ಮಿಂದ ಬದುಕಿದೆ" ಎಂದು ನನಗೆ ಕೈ ಮುಗಿದರು. ನಾನು ಐರಿನ್ ಕಡೆ ತೋರಿಸಿದೆ. ನನ್ನ ತಪ್ಪನ್ನು ಅವರಿಗೆ ಹೇಳುವ ಧೈರ್ಯ ಬರಲಿಲ್ಲ. ಆ ಮುಗಿದ ಕೈಗಳು ಈಗಲೂ ನನ್ನ ಕಣ್ಣ ಮುಂದೆ ಬರುತ್ತವೆ.